ಕೋಡ್ ತಿದ್ದುವ ಮೊದಲು ಜಾರ್ ತೆರೆದು ನೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ತೊಡಕಿನವು. ಜಾವಾ ಪ್ರೋಗ್ರಾಮಿನ ಜೊತೆ ಹೋಗಬೇಕಾದ ಚಿತ್ರ, ಫಾಂಟು, ಕನ್ನಡದ ಪದಪಟ್ಟಿ, ಬಿಲ್ಲಿನ ನಮೂನೆ ಇಂಥ ರಿಸೋರ್ಸ್ ಫೈಲುಗಳನ್ನು ಬಿಲ್ಡ್ ಸ್ಕ್ರಿಪ್ಟಿನಿಂದ (ಪ್ರೋಗ್ರಾಂ ಕಟ್ಟುವ ಆಜ್ಞೆಗಳ ಫೈಲು) ಜಾರ್ (ಪ್ರೋಗ್ರಾಮಿನ ಫೈಲುಗಳನ್ನೆಲ್ಲ ಕಟ್ಟಿಟ್ಟ ಒಂದೇ ಫೈಲು) ಒಳಕ್ಕೆ ಸೇರಿಸುವುದು ಹೇಗೆ, ಸೇರಿಸಿದರೂ ಯಾಕೆ ಸಿಗುತ್ತಿಲ್ಲ ಎಂಬುದು. ಆಂಟ್, ಮೇವನ್, ಗ್ರೇಡಲ್ ಹೀಗೆ ಜಾರ್ ಕಟ್ಟಿಕೊಡುವ ಬಿಲ್ಡ್ ಉಪಕರಣಗಳು; ಎಕ್ಲಿಪ್ಸ್ ಕೋಡ್ ಬರೆದು ಓಡಿಸುವ ಎಡಿಟರ್. ಆಜ್ಞೆಗಳನ್ನೂ ಫೈಲಿನ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿದ್ದೇವೆ. ಕಂಪ್ಯೂಟರಿನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಪ್ರಶ್ನೆ: ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗಳಿಗೆ ಮೆಕ್ಕೆಜೋಳದ ಪಟ್ಟಿ ಬರೆಯುವ ಸ್ವಿಂಗ್ (ಜಾವಾದಲ್ಲಿ ಪರದೆಯ ಕಿಟಕಿ, ಗುಂಡಿ ಮಾಡುವ ಲೈಬ್ರರಿ) ಪ್ರೋಗ್ರಾಂ ಮಾಡಿದ್ದೇನೆ. ಎಕ್ಲಿಪ್ಸಿನಲ್ಲಿ ಓಡಿಸಿದರೆ ಅಂಗಡಿಯ ಲೋಗೋ, ಪಟ್ಟಿಯ ನಮೂನೆ ಎಲ್ಲವೂ ಬರುತ್ತವೆ. ಆಂಟ್‌ನಿಂದ ಜಾರ್ ಕಟ್ಟಿ ಅಂಗಡಿಯ ಕಂಪ್ಯೂಟರಿಗೆ ಹಾಕಿದರೆ ನಲ್ ಪಾಯಿಂಟರ್ ಎಕ್ಸೆಪ್ಷನ್ ಎಂಬ ದೋಷ ಬಂದು ನಿಂತುಬಿಡುತ್ತದೆ. ಕೋಡ್ ಅದೇ ಇದೆಯಲ್ಲ? – ವಿದ್ಯಾನಗರ, ದಾವಣಗೆರೆ

ಉತ್ತರ: ಕೋಡ್ ಅದೇ, ಆದರೆ ಫೈಲುಗಳನ್ನು ಹೊತ್ತೊಯ್ಯುವವರು ಬೇರೆ. ಸೋರ್ಸ್ ಫೋಲ್ಡರಿನಲ್ಲಿರುವ ಜಾವಾ ಅಲ್ಲದ ಫೈಲುಗಳನ್ನು ಎಕ್ಲಿಪ್ಸ್ ತಾನಾಗಿಯೇ ಬಿನ್ ಫೋಲ್ಡರಿಗೆ ನಕಲು ಮಾಡುತ್ತದೆ. ಆಂಟ್‌ನ ‘ಜಾವಾಸಿ’ ಟಾಸ್ಕ್ ಹಾಗೆ ಮಾಡುವುದಿಲ್ಲ. ಅದು ಕೋಡನ್ನು ಕಂಪೈಲ್ ಮಾಡಿ (ಜಾವಾ ಓಡಿಸುವ ರೂಪಕ್ಕೆ ತಂದು) ಕ್ಲಾಸ್ ಫೈಲುಗಳನ್ನಷ್ಟೇ ಇಡುತ್ತದೆ. ಚಿತ್ರದ ಗೊಡವೆ ಅದಕ್ಕಿಲ್ಲ.

ಆದ್ದರಿಂದ ಏನೇ ತಿದ್ದುವ ಮೊದಲು ಜಾರ್ ಒಳಗೆ ಏನಿದೆ ನೋಡಿ. ಕಮಾಂಡ್ ವಿಂಡೋದಲ್ಲಿ ‘ಜಾರ್ ಟಿಎಫ್ ಪಟ್ಟಿ.ಜಾರ್’ ಎಂದು ಹೊಡೆದರೆ ಒಳಗಿನ ಪ್ರತಿಯೊಂದು ಹೆಸರೂ ಸಾಲಾಗಿ ಬರುತ್ತದೆ. ಜಾರ್ ಎಂದರೆ ಜಿಪ್ ಫೈಲೇ ಆದ್ದರಿಂದ ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯುವವರ ಸಲಕರಣೆ) ಇಲ್ಲದ ಕಂಪ್ಯೂಟರಿನಲ್ಲಿ 7-ಜಿಪ್‌ನಿಂದ ತೆರೆದರೂ ನಡೆಯುತ್ತದೆ. ಮೊದಲು ‘ಮೆಟಾ-ಇನ್ಫ್/ಮ್ಯಾನಿಫೆಸ್ಟ್.ಎಂಎಫ್’ (ಜಾರ್‌ನ ವಿವರ ಬರೆದ ಫೈಲು), ಆಮೇಲೆ ಕ್ಲಾಸ್ ಫೈಲುಗಳು ಕಾಣುತ್ತವೆ. ‘ಇಮೇಜಸ್/ಲೋಗೋ.ಪಿಎನ್‌ಜಿ’ ಎಂಬ ಸಾಲು ಇಲ್ಲದಿದ್ದರೆ ತಪ್ಪು ಬಿಲ್ಡ್ ಸ್ಕ್ರಿಪ್ಟಿನದು. ಇದ್ದೂ ಬರುತ್ತಿಲ್ಲವೆಂದರೆ ಕೋಡಿನದು. ಈ ಎರಡರಲ್ಲಿ ಯಾವುದು ಎಂದು ಗೊತ್ತುಮಾಡಿಕೊಳ್ಳದೆ ಎರಡೂ ಕಡೆ ಕೈಹಾಕಿದರೆ ಸಂಜೆಯವರೆಗೂ ಅದೇ ಕೆಲಸ.

ಮೊದಲು ಸ್ಕ್ರಿಪ್ಟಿನ ಕಡೆ. ಚಿತ್ರ, ನಮೂನೆಗಳನ್ನು ಜಾವಾ ಫೈಲುಗಳ ನಡುವೆ ಇಡಬೇಡಿ. ಪ್ರಾಜೆಕ್ಟಿನಲ್ಲಿ ‘ರೆಸ್’ ಎಂಬ ಬೇರೆ ಫೋಲ್ಡರ್ ಮಾಡಿ ಅದರೊಳಗೆ ‘ಇಮೇಜಸ್’, ‘ನಮೂನೆ’ ಎಂಬ ಒಳಫೋಲ್ಡರುಗಳನ್ನಿಡಿ. ಆಂಟ್‌ನ ‘ಜಾರ್’ ಟಾಸ್ಕಿನೊಳಗೆ ಎರಡು ‘ಫೈಲ್‌ಸೆಟ್’ ಕೊಡಿ: ಒಂದರ ‘ಡಿರ್’ ಕ್ಲಾಸ್ ಫೈಲುಗಳ ಫೋಲ್ಡರ್, ಇನ್ನೊಂದರ ‘ಡಿರ್’ ಈ ‘ರೆಸ್’. ಇಲ್ಲಿ ಬಹಳ ಜನ ಎಡವುವುದು ‘ಡಿರ್’ಗೆ ‘ರೆಸ್/ಇಮೇಜಸ್’ ಎಂದು ಬರೆದು. ಫೈಲ್‌ಸೆಟ್ ತನ್ನ ‘ಡಿರ್’ನಿಂದ ಕೆಳಗಿನ ದಾರಿಯನ್ನು ಮಾತ್ರ ಜಾರ್‌ಗೆ ಒಯ್ಯುತ್ತದೆ. ಹಾಗೆ ಬರೆದರೆ ಲೋಗೋ ‘ಇಮೇಜಸ್’ ಒಳಗೆ ಬೀಳದೆ ಜಾರ್‌ನ ಬುಡದಲ್ಲೇ ಬೀಳುತ್ತದೆ. ಕೋಡ್ ‘ಇಮೇಜಸ್/ಲೋಗೋ’ ಎಂದು ಹುಡುಕಿ ಬರಿಗೈಲಿ ವಾಪಸ್ಸು ಬರುತ್ತದೆ. ಫೋಲ್ಡರಿನ ಹೆಸರು ನಿಮಗೆ ಬೇಕಾದಂತೆಯೇ ಇರಲಿ ಎಂದಾದರೆ ‘ಫೈಲ್‌ಸೆಟ್’ ಬದಲು ‘ಜಿಪ್‌ಫೈಲ್‌ಸೆಟ್’ ಬಳಸಿ, ಅದರ ‘ಪ್ರಿಫಿಕ್ಸ್’ಗೆ ‘ಇಮೇಜಸ್’ ಎಂದು ಕೊಡಿ.

ಕೆಲವರು ‘ಕಾಪಿ’ ಟಾಸ್ಕಿನಿಂದ ಎಲ್ಲವನ್ನೂ ಕ್ಲಾಸ್ ಫೋಲ್ಡರಿಗೆ ಸುರಿದು ಅಲ್ಲಿಂದ ಜಾರ್ ಕಟ್ಟುತ್ತಾರೆ. ಅದೂ ಸರಿಯೇ, ಆದರೆ ಮೂಲದಲ್ಲಿ ಅಳಿಸಿದ ಹಳೆಯ ಚಿತ್ರ ಕ್ಲಾಸ್ ಫೋಲ್ಡರಿನಲ್ಲಿ ಹಾಗೇ ಕೂತಿರುತ್ತದೆ. ಗಿರಾಕಿಗೆ ಕೊಡುವ ಜಾರ್ ಆದರೆ ‘ಕ್ಲೀನ್’ ಮಾಡಿಯೇ ಕಟ್ಟಿ.

ಇನ್ನು ಕೋಡಿನ ಕಡೆ. ‘ನ್ಯೂ ಫೈಲ್’ ಎಂದು ಬರೆದು ಜಾರ್ ಒಳಗಿನದನ್ನು ತೆರೆಯಲು ಆಗುವುದೇ ಇಲ್ಲ, ಯಾಕೆಂದರೆ ಅದು ಡಿಸ್ಕಿನ ಮೇಲಿನ ಫೈಲಲ್ಲ, ಜಿಪ್ ಒಳಗಿನ ಒಂದು ನಮೂದು. ‘ಗೆಟ್‌ರಿಸೋರ್ಸ್’ನಿಂದ ಬಂದ ವಿಳಾಸವನ್ನು ‘ಗೆಟ್‌ಫೈಲ್’ ಮಾಡಿದರೂ ಅಷ್ಟೇ. ಜಾರ್ ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆಯಿರುವ ಉದ್ದನೆಯ ದಾರಿ ಸಿಗುತ್ತದೆ, ವಿಂಡೋಸಿಗೆ ಅದರ ಅರ್ಥ ಗೊತ್ತಿಲ್ಲ. ‘ಗೆಟ್‌ರಿಸೋರ್ಸ್‌ಆಸ್‌ಸ್ಟ್ರೀಮ್’ನಿಂದ ಸ್ಟ್ರೀಮ್ (ಬೈಟುಗಳ ಹರಿವು) ತೆಗೆದುಕೊಂಡೇ ಓದಬೇಕು.

ಓರೆಗೆರೆಯ (/) ಲೆಕ್ಕವೂ ಇದೆ. ಕ್ಲಾಸ್ ಮೂಲಕ ಕೇಳುವಾಗ ಮೊದಲಲ್ಲಿ ಓರೆಗೆರೆ ಹಾಕಿದರೆ ಜಾರ್‌ನ ಬುಡದಿಂದ ಹುಡುಕುತ್ತದೆ, ಹಾಕದಿದ್ದರೆ ಆ ಕ್ಲಾಸಿನ ಪ್ಯಾಕೇಜಿನೊಳಗೆ ಹುಡುಕುತ್ತದೆ. ಕ್ಲಾಸ್‌ಲೋಡರ್ (ಕ್ಲಾಸುಗಳನ್ನು ಹುಡುಕಿ ತರುವ ಜಾವಾದ ಭಾಗ) ಮೂಲಕ ಕೇಳುವಾಗ ಯಾವಾಗಲೂ ಬುಡದಿಂದಲೇ, ಅಲ್ಲಿ ಮೊದಲ ಓರೆಗೆರೆ ಹಾಕಲೇಬಾರದು. ಕೊನೆಯದಾಗಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರದ ಭೇದ. ಸ್ಕ್ಯಾನ್ ಮಾಡಿದ ಲೋಗೋದ ಬಾಲದಲ್ಲಿ ‘ಪಿಎನ್‌ಜಿ’ ದೊಡ್ಡಕ್ಷರದಲ್ಲಿದ್ದು ಕೋಡಿನಲ್ಲಿ ಚಿಕ್ಕಕ್ಷರದಲ್ಲಿದ್ದರೆ ವಿಂಡೋಸ್ ಫೋಲ್ಡರಿನಲ್ಲಿ ನಡೆದುಹೋಗುತ್ತದೆ, ಜಾರ್ ಒಳಗೆ ನಡೆಯುವುದಿಲ್ಲ. ‘ಎಡಿಟರಿನಲ್ಲಿ ಬರುತ್ತೆ, ಜಾರ್‌ನಲ್ಲಿ ಬರಲ್ಲ’ ಎನ್ನುವ ದೂರಿನ ಹಿಂದೆ ಸ್ಕ್ರಿಪ್ಟಿನ ತಪ್ಪಿಲ್ಲದಿದ್ದರೆ ಸಾಮಾನ್ಯವಾಗಿ ಇದೇ ಇರುತ್ತದೆ.

ಪ್ರಶ್ನೆ: ನಮ್ಮದು ಮೇವನ್ ಪ್ರಾಜೆಕ್ಟ್. ‘ನಮೂನೆ’ ಎಂಬ ಹೊಸ ಫೋಲ್ಡರ್ ಸೇರಿಸಲು ಪೊಮ್ ಫೈಲಿನಲ್ಲಿ (ಮೇವನ್‌ಗೆ ಸೂಚನೆ ಬರೆದಿಡುವ ಫೈಲು) ‘ರಿಸೋರ್ಸಸ್’ ಭಾಗ ಬರೆದೆವು. ಅದು ಸೇರಿತು, ಆದರೆ ಮೊದಲಿನಿಂದ ಇದ್ದ ಸೆಟ್ಟಿಂಗ್ ಫೈಲುಗಳು ಮಾಯ. ಆವೃತ್ತಿ ಸಂಖ್ಯೆ ತುಂಬಲೆಂದು ‘ಫಿಲ್ಟರಿಂಗ್’ ಹಾಕಿದ ಮೇಲೆ ಫಾಂಟ್ ಕೂಡ ತೆರೆಯುತ್ತಿಲ್ಲ. – ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಚಿತ್ರದುರ್ಗ

ಉತ್ತರ: ಪೊಮ್‌ನಲ್ಲಿ ನೀವು ಏನೂ ಬರೆಯದಿದ್ದಾಗ ಮೇವನ್ ‘ಎಸ್‌ಆರ್‌ಸಿ/ಮೇನ್/ರಿಸೋರ್ಸಸ್’ ಫೋಲ್ಡರನ್ನು ತಾನೇ ಒಯ್ಯುತ್ತದೆ. ನೀವೇ ‘ರಿಸೋರ್ಸಸ್’ ಬರೆದ ಕ್ಷಣ ಆ ಮೂಲ ಏರ್ಪಾಡು ರದ್ದು. ನೀವು ಹೇಳಿದ ಫೋಲ್ಡರುಗಳು ಮಾತ್ರ. ಆದ್ದರಿಂದ ಹಳೆಯ ಫೋಲ್ಡರನ್ನೂ ಒಂದು ‘ರಿಸೋರ್ಸ್’ ಆಗಿ ಬರೆಯಬೇಕು. ‘ನಮೂನೆ’ ಫೋಲ್ಡರಿಗೆ ‘ಟಾರ್ಗೆಟ್‌ಪಾತ್’ ಕೊಟ್ಟರೆ ಜಾರ್ ಒಳಗೂ ಅದೇ ಹೆಸರಿನ ಫೋಲ್ಡರಿನಲ್ಲಿ ಕೂರುತ್ತದೆ, ಇಲ್ಲದಿದ್ದರೆ ಬುಡದಲ್ಲಿ ಚೆಲ್ಲುತ್ತದೆ.

ಫಾಂಟ್ ಕೆಟ್ಟದ್ದು ಫಿಲ್ಟರಿಂಗ್‌ನಿಂದಲೇ. ಫಿಲ್ಟರಿಂಗ್ ಎಂದರೆ ಫೈಲನ್ನು ಪಠ್ಯವಾಗಿ ಓದಿ, ಡಾಲರ್ ಚಿಹ್ನೆಯ ನಂತರ ಪುಷ್ಪಾವರಣದೊಳಗೆ ಬರೆದ ಹೆಸರುಗಳನ್ನು ಬದಲಿಸಿ, ಮತ್ತೆ ಪಠ್ಯವಾಗಿ ಬರೆಯುವುದು. ಟಿಟಿಎಫ್, ಅಂದರೆ ಫಾಂಟಿನ ಫೈಲು, ಪಠ್ಯವಲ್ಲ. ಓದುವಾಗ ಅರ್ಥವಾಗದ ಬೈಟುಗಳು ಬೇರೆಯಾಗಿ ಬರೆಯಲ್ಪಟ್ಟು ಫಾಂಟ್ ಹಾಳಾಗುತ್ತದೆ. ಜೆಪಿಜಿ, ಪಿಎನ್‌ಜಿ, ಜಿಫ್, ಬಿಎಂಪಿ ಚಿತ್ರಗಳನ್ನು ಮೇವನ್ ತಾನಾಗಿಯೇ ಬಿಟ್ಟುಬಿಡುತ್ತದೆ. ಅದಕ್ಕೇ ನಿಮ್ಮ ಲೋಗೋ ಉಳಿದು ಫಾಂಟ್ ಮಾತ್ರ ಹೋಯಿತು. ಮೂಲ ಫೈಲಿನ ಗಾತ್ರವನ್ನೂ ‘ಟಾರ್ಗೆಟ್/ಕ್ಲಾಸಸ್’ನಲ್ಲಿರುವುದರ ಗಾತ್ರವನ್ನೂ ಪಕ್ಕಪಕ್ಕ ನೋಡಿ, ವ್ಯತ್ಯಾಸ ಕಾಣುತ್ತದೆ.

ಪರಿಹಾರ ಎರಡಿವೆ. ರಿಸೋರ್ಸಸ್ ಪ್ಲಗಿನ್‌ನ ‘ನಾನ್‌ಫಿಲ್ಟರ್ಡ್‌ಫೈಲ್‌ಎಕ್ಸ್‌ಟೆನ್ಷನ್ಸ್’ ಪಟ್ಟಿಗೆ ಟಿಟಿಎಫ್, ಪಿಡಿಎಫ್ ಸೇರಿಸಬಹುದು. ನಮಗೆ ಹಿಡಿಸುವುದು ಇನ್ನೊಂದು: ಆವೃತ್ತಿ ಸಂಖ್ಯೆ ಬೇಕಾದ ಒಂದೆರಡು ಫೈಲುಗಳನ್ನು ‘ರಿಸೋರ್ಸಸ್-ಫಿಲ್ಟರ್ಡ್’ ಎಂಬ ಬೇರೆ ಫೋಲ್ಡರಿನಲ್ಲಿಟ್ಟು ಅದಕ್ಕೆ ಮಾತ್ರ ಫಿಲ್ಟರಿಂಗ್ ಹಾಕುವುದು. ನಾಳೆ ಯಾರೋ ಹೊಸ ಬಗೆಯ ಬೈನರಿ ಫೈಲ್ ತಂದಿಟ್ಟರೂ ಅದಕ್ಕೆ ಪೆಟ್ಟಾಗುವುದಿಲ್ಲ.

ಪ್ರಶ್ನೆ: ಎಣ್ಣೆ ಮಿಲ್ಲಿನ ಲೆಕ್ಕದ ಪ್ರೋಗ್ರಾಮಿನಲ್ಲಿ ‘ಶೇಂಗಾ’, ‘ಹಿಂಡಿ’, ‘ಚೀಲ’ ಎಂಬ ಹೆಸರುಗಳನ್ನು ಪ್ರಾಪರ್ಟೀಸ್ ಫೈಲಿನಲ್ಲಿಟ್ಟು (ಕೀಲಿಪದ, ಅದರೆದುರು ತೋರಿಸುವ ಪದ ಬರೆದ ಪಟ್ಟಿ) ಜಾರ್‌ಗೆ ಸೇರಿಸಿದ್ದೇವೆ. ಒಂದು ಕಂಪ್ಯೂಟರಿನಲ್ಲಿ ಕನ್ನಡ ಬರುತ್ತದೆ, ಇನ್ನೊಂದರಲ್ಲಿ ಏನೇನೋ ಗುರುತು. – ಚಳ್ಳಕೆರೆ

ಉತ್ತರ: ‘ಏನೇನೋ’ ಎಂದರೆ ಏನು ಎಂಬುದರಲ್ಲೇ ಉತ್ತರವಿದೆ. ಪರದೆಯನ್ನು ಹತ್ತಿರದಿಂದ ನೋಡಿ.

ಯೂನಿಕೋಡ್ ಲೆಕ್ಕದಲ್ಲಿ ‘ಶೇಂಗಾ’ ಪದಕ್ಕೆ 5 ಸಂಕೇತಗಳು: ಶ, ಏತ್ವ, ಸೊನ್ನೆ, ಗ, ದೀರ್ಘ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಒಟ್ಟು 15. ಓದುವವರು ಅದನ್ನು ಲ್ಯಾಟಿನ್-1 (ಯುರೋಪಿನ ಭಾಷೆಗಳ ಹಳೆಯ ಸಂಕೇತವ್ಯವಸ್ಥೆ) ಎಂದು ತಿಳಿದು ಓದಿದರೆ ಒಂದೊಂದು ಬೈಟೂ ಒಂದೊಂದು ಅಕ್ಷರವಾಗುತ್ತದೆ. ಆಗ ಮೂರು ಮೂರರ ಗುಂಪು ಕಾಣುತ್ತದೆ: ಮೊದಲನೆಯದು ಯಾವಾಗಲೂ ತಲೆಯ ಮೇಲೆ ಓರೆಗೀಟು ಇರುವ ಇಂಗ್ಲಿಷಿನ ಚಿಕ್ಕ ‘ಎ’, ಎರಡನೆಯದು ಮೇಲಕ್ಕೆ ಏರಿಸಿ ಬರೆದ ಪುಟ್ಟ 2 ಅಥವಾ 3. ಇದು ಕಂಡರೆ ಫೈಲ್ ಸರಿಯಿದೆ, ಓದುವ ಬಗೆ ತಪ್ಪಿದೆ ಎಂದೇ ಅರ್ಥ.

ನಿಮ್ಮ ಎರಡು ಕಂಪ್ಯೂಟರುಗಳಲ್ಲಿ ಬಹುಶಃ ಜಾವಾ ಆವೃತ್ತಿ ಬೇರೆ ಬೇರೆ ಇದೆ. ‘ರಿಸೋರ್ಸ್‌ಬಂಡಲ್’ (ಪದಪಟ್ಟಿ ಓದುವ ಜಾವಾ ಕ್ಲಾಸ್) ಜೆಡಿಕೆ 8ರವರೆಗೆ ಪ್ರಾಪರ್ಟೀಸ್ ಫೈಲನ್ನು ಲ್ಯಾಟಿನ್-1 ಎಂದೇ ಓದುತ್ತಿತ್ತು; 9ರಿಂದ ಯುಟಿಎಫ್-8. ಆದರೆ ‘ಪ್ರಾಪರ್ಟೀಸ್’ ಕ್ಲಾಸಿನ ‘ಲೋಡ್’ಗೆ ನೇರವಾಗಿ ಸ್ಟ್ರೀಮ್ ಕೊಟ್ಟರೆ ಇಂದಿಗೂ ಲ್ಯಾಟಿನ್-1. ಹಾಗಾಗಿ ಸ್ಟ್ರೀಮನ್ನು ‘ಇನ್‌ಪುಟ್‌ಸ್ಟ್ರೀಮ್‌ರೀಡರ್’ನಲ್ಲಿ ಸುತ್ತಿ, ಯುಟಿಎಫ್-8 ಎಂದು ಹೆಸರಿಸಿ ಕೊಡಿ. ಹೆಸರಿಸದೆ ಬಿಟ್ಟರೆ ಜೆಡಿಕೆ 17ರವರೆಗೆ ವಿಂಡೋಸಿನ ಸ್ಥಳೀಯ ಸಂಕೇತವ್ಯವಸ್ಥೆಯೇ ಬಂದು ಕೂರುತ್ತದೆ. 18ರಿಂದ ಮಾತ್ರ ಎಲ್ಲೆಡೆ ಯುಟಿಎಫ್-8.

ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಕಥೆ ಬೇರೆ. ಕನ್ನಡವೇ ಇಲ್ಲದ ಸಂಕೇತವ್ಯವಸ್ಥೆಯಲ್ಲಿ ಯಾರೋ ಬರೆದಿದ್ದಾರೆ, ಅಕ್ಷರ ಆಗಲೇ ಹೋಗಿದೆ, ಓದುವ ಕಡೆ ಏನು ಮಾಡಿದರೂ ವಾಪಸ್ಸು ಬಾರದು. ಜಾರ್ ಬಿಚ್ಚಿ ಒಳಗಿನ ಫೈಲಿನಲ್ಲೇ ಪ್ರಶ್ನಾರ್ಥಕ ಇದೆಯೇ ನೋಡಿ. ಇದ್ದರೆ ಬಿಲ್ಡಿನ ಫಿಲ್ಟರಿಂಗ್ ಹಂತದ ಮೇಲೆ ಗುಮಾನಿ ಪಡಬೇಕು. ಸುಮ್ಮನೆ ನಕಲು ಮಾಡುವಾಗ ಯಾವ ಬಿಲ್ಡ್ ಉಪಕರಣವೂ ಬೈಟುಗಳನ್ನು ಮುಟ್ಟುವುದಿಲ್ಲ; ಪದ ಬದಲಿಸುವಾಗ ಮಾತ್ರ ಮುಟ್ಟುತ್ತದೆ. ಮೇವನ್‌ನಲ್ಲಿ ‘ಪ್ರಾಜೆಕ್ಟ್.ಬಿಲ್ಡ್.ಸೋರ್ಸ್‌ಎನ್‌ಕೋಡಿಂಗ್’, ಗ್ರೇಡಲ್‌ನಲ್ಲಿ ‘ಪ್ರೋಸೆಸ್‌ರಿಸೋರ್ಸಸ್’ನ ‘ಫಿಲ್ಟರಿಂಗ್‌ಚಾರ್‌ಸೆಟ್’, ಆಂಟ್‌ನಲ್ಲಿ ‘ಕಾಪಿ’ಯ ‘ಎನ್‌ಕೋಡಿಂಗ್’: ಮೂರಕ್ಕೂ ಯುಟಿಎಫ್-8 ಎಂದು ಬರೆದಿಡಿ.

ಖಾಲಿ ಚೌಕಗಳು ಕಂಡರೆ ಸಂಕೇತ ಸರಿಯಿದೆ, ಫಾಂಟ್ ಇಲ್ಲ. ನೋಟೋ ಸ್ಯಾನ್ಸ್ ಕನ್ನಡದ ಟಿಟಿಎಫ್ ಫೈಲನ್ನು ಜಾರ್ ಒಳಗಿಟ್ಟು ‘ಫಾಂಟ್.ಕ್ರಿಯೇಟ್‌ಫಾಂಟ್’ನಿಂದ ಎತ್ತಿಕೊಳ್ಳಿ, ಅದರ ಪರವಾನಗಿ ಹೀಗೆ ಜೊತೆಗೆ ಕೊಡಲು ಅಡ್ಡಿ ಮಾಡುವುದಿಲ್ಲ. ಹೀಗೆ ಸಿಗುವ ಫಾಂಟಿನ ಗಾತ್ರ 1 ಪಾಯಿಂಟ್. ಅದನ್ನು ‘ಡಿರೈವ್‌ಫಾಂಟ್’ನಿಂದ ದೊಡ್ಡದು ಮಾಡುವಾಗ ಬರೀ 16 ಎಂದು ಕೊಟ್ಟರೆ ಜಾವಾ ಅದನ್ನು ಗಾತ್ರವೆಂದಲ್ಲ, ದಪ್ಪ-ಓರೆ ಎಂಬ ಶೈಲಿಯ ಸಂಖ್ಯೆ ಎಂದುಕೊಳ್ಳುತ್ತದೆ. ಅಕ್ಷರಗಳು ಇರುವೆ ಸಾಲಿನ ಹಾಗೆ ಉಳಿಯುತ್ತವೆ. 16ರ ಮುಂದೆ ಫ್ಲೋಟಿನ ‘ಎಫ್’ ಹಾಕಲೇಬೇಕು.

ನಾಲ್ಕನೆಯ ಬಗೆ ನಮ್ಮ ಕಡೆಯದ್ದೇ. ಪದಪಟ್ಟಿಯನ್ನು ಯಾರಾದರೂ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟಿದ್ದರೆ ಫೈಲಿನಲ್ಲಿ ಇರುವುದು ಇಂಗ್ಲಿಷ್ ಸಂಕೇತಗಳೇ. ಆ ಫಾಂಟ್ ಹಚ್ಚಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಮೊದಲು ಪರಿವರ್ತಕದಿಂದ ಯೂನಿಕೋಡ್ ಮಾಡಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಿ, ಆಮೇಲೆ ಫೈಲಿಗೆ ಹಾಕಿ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ‘ಬಿಒಎಂ ಸಹಿತ’ ಎಂಬುದನ್ನು ಆರಿಸಬೇಡಿ. ಆ ಕಾಣದ ಗುರುತು ಮೊದಲ ಸಾಲಿನ ಕೀಲಿಪದಕ್ಕೆ ಅಂಟಿಕೊಂಡು, ಉಳಿದವೆಲ್ಲ ಸಿಕ್ಕು ಮೊದಲಿನದೊಂದು ಮಾತ್ರ ‘ಇಲ್ಲ’ ಎಂದು ಬರುತ್ತದೆ.

ಪ್ರಶ್ನೆ: ದಿನದ ಧಾರಣೆಯ ಫೈಲನ್ನು ಜಾರ್ ಒಳಗಿಟ್ಟಿದ್ದೇವೆ. ಪ್ರೋಗ್ರಾಮಿನಿಂದಲೇ ಅದನ್ನು ತಿದ್ದಿ ಉಳಿಸುವುದು ಹೇಗೆ? – ಹಿರಿಯೂರು

ಉತ್ತರ: ಮಾಡಬೇಡಿ. ಓಡುತ್ತಿರುವ ಜಾರ್ ಮೇಲೆ ಬರೆಯಲು ವಿಂಡೋಸ್ ಬಿಡುವುದಿಲ್ಲ, ಲಿನಕ್ಸ್ ಬಿಟ್ಟರೂ ಪ್ರೋಗ್ರಾಂ ನಡುವೆ ಕೈಕೊಡುತ್ತದೆ. ಜಾರ್ ಒಳಗಿನದು ಮೊದಲ ದಿನದ ಮಾದರಿ ಮಾತ್ರ ಆಗಿರಲಿ. ಪ್ರೋಗ್ರಾಂ ಶುರುವಾದಾಗ ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಧಾರಣೆ ಫೈಲ್ ಇದೆಯೇ ನೋಡಿ, ಇಲ್ಲದಿದ್ದರೆ ‘ಫೈಲ್ಸ್.ಕಾಪಿ’ಯಿಂದ ಜಾರ್‌ನ ಸ್ಟ್ರೀಮನ್ನು ಅಲ್ಲಿಗೆ ಇಳಿಸಿ, ಮುಂದೆ ಓದುವುದು ಬರೆಯುವುದು ಎರಡೂ ಅಲ್ಲೇ. ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗೆ ಇಳಿಸಬೇಡಿ, ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯುವ ಅಧಿಕಾರ ಇರುವುದಿಲ್ಲ. ‘ಜಾರ್ ಯುಎಫ್’ ಆಜ್ಞೆಯಿಂದ ಕೈಯಾರೆ ಒಳಗಿನ ಫೈಲ್ ಬದಲಿಸಬಹುದು ನಿಜ, ಆದರೆ ಮುಂದಿನ ಬಿಲ್ಡಿನಲ್ಲಿ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಏನು ಸೇರಬೇಕೋ ಅದು ಸ್ಕ್ರಿಪ್ಟಿನಲ್ಲಿ ಇರಬೇಕು.

ಪ್ರಶ್ನೆ: ಗ್ರೇಡಲ್ 6ರಲ್ಲಿ ನಡೆಯುತ್ತಿದ್ದ ಬಿಲ್ಡ್ 7ಕ್ಕೆ ಬಂದ ಮೇಲೆ ‘ಈ ನಮೂದು ಎರಡು ಸಲ ಇದೆ’ ಎಂದು ನಿಲ್ಲುತ್ತದೆ. ‘ಎಕ್ಸ್‌ಪ್ಯಾಂಡ್’ ಹಾಕಿದಾಗ ಬೇರೆ ಫೈಲುಗಳಲ್ಲಿ ದೋಷ ಬರುತ್ತದೆ. – ಹರಿಹರ

ಉತ್ತರ: ಹಿಂದೆಯೂ ಎರಡು ಸಲವೇ ಸೇರುತ್ತಿತ್ತು, ಗ್ರೇಡಲ್ ನಿಲ್ಲಿಸುತ್ತಿರಲಿಲ್ಲ ಅಷ್ಟೇ. ಜಿಪ್ ಒಳಗೆ ಒಂದೇ ಹೆಸರಿನ ಎರಡು ನಮೂದು ಇರಲು ಸಾಧ್ಯ, ಯಾವುದು ಓದಿಗೆ ಸಿಗುತ್ತದೆ ಎಂದು ನಂಬಿ ಕೂರಲಾಗದು. ‘ಎಸ್‌ಆರ್‌ಸಿ/ಮೇನ್/ರಿಸೋರ್ಸಸ್’ ಆಗಲೇ ಸೇರಿರುವಾಗ ‘ಜಾರ್’ ಭಾಗದಲ್ಲಿ ‘ಫ್ರಂ’ ಎಂದು ಮತ್ತೆ ಅದನ್ನೇ ಬರೆದಿದ್ದೀರಾ ನೋಡಿ. ಬರೆದಿದ್ದರೆ ಆ ಸಾಲು ತೆಗೆದರೆ ಮುಗಿಯಿತು. ‘ಡುಪ್ಲಿಕೇಟ್ಸ್‌ಸ್ಟ್ರಾಟಜಿ’ಗೆ ‘ಎಕ್ಸ್‌ಕ್ಲೂಡ್’ ಹಾಕಿ ಬಾಯಿ ಮುಚ್ಚಿಸುವುದು ಸುಲಭ, ಆಗ ಮೊದಲು ಬಂದದ್ದು ಉಳಿದು ಎರಡನೆಯದು ಸದ್ದಿಲ್ಲದೆ ಬೀಳುತ್ತದೆ. ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಮಾತ್ರ ಹಾಗೆ ಮಾಡಿ. ಸಹಾಯ ಪುಟಗಳಂಥ ಹೊರಗಿನ ಫೋಲ್ಡರ್ ಸೇರಿಸಲು ‘ಫ್ರಂ’ ಒಳಗೆ ‘ಇನ್‌ಟು’ ಕೊಟ್ಟರೆ ಜಾರ್‌ನಲ್ಲಿ ಬೇಕಾದ ಜಾಗಕ್ಕೇ ಹೋಗುತ್ತದೆ.

‘ಎಕ್ಸ್‌ಪ್ಯಾಂಡ್’ ಫೈಲನ್ನು ಗ್ರೂವಿ ಭಾಷೆಯ ನಮೂನೆ ಎಂದು ಓದುತ್ತದೆ. ಡಾಲರ್ ಚಿಹ್ನೆ ಎಲ್ಲೇ ಇದ್ದರೂ ಬದಲಿಸಬೇಕಾದ ಹೆಸರು ಎಂದುಕೊಳ್ಳುತ್ತದೆ. ಹಿಂದೋರೆಯನ್ನೂ (\) ಅರ್ಥಮಾಡಲು ಹೋಗುವುದರಿಂದ ಪ್ರಾಪರ್ಟೀಸ್ ಫೈಲಿನ ಸಾಲುಗಳು ನಡುವೆ ಮುರಿಯುತ್ತವೆ. ಎಲ್ಲ ಫೈಲುಗಳಿಗೂ ಹಚ್ಚದೆ ‘ಫೈಲ್ಸ್‌ಮ್ಯಾಚಿಂಗ್’ನಿಂದ ಆವೃತ್ತಿಯ ಫೈಲಿಗೆ ಮಾತ್ರ ಹಚ್ಚಿ. ಜೊತೆಗೆ ‘ಇನ್‌ಪುಟ್ಸ್.ಪ್ರಾಪರ್ಟಿ’ಯಲ್ಲಿ ಆವೃತ್ತಿಯನ್ನು ನಮೂದಿಸಿ. ಇಲ್ಲದಿದ್ದರೆ ಆವೃತ್ತಿ ಬದಲಾದರೂ ಗ್ರೇಡಲ್‌ಗೆ ಗೊತ್ತಾಗದೆ ‘ಎಲ್ಲ ಸರಿಯಿದೆ’ ಎಂದು ಹಳೆಯ ಫೈಲನ್ನೇ ಕಟ್ಟಿಕೊಡುತ್ತದೆ.

ಪ್ರಶ್ನೆ: ಖಾಲಿ ಫೋಲ್ಡರ್ ಜಾರ್‌ಗೆ ಬರುತ್ತಿಲ್ಲ. – ಜಗಳೂರು

ಉತ್ತರ: ಮೇವನ್ ಖಾಲಿ ಫೋಲ್ಡರುಗಳನ್ನು ತಾನಾಗಿ ಒಯ್ಯುವುದಿಲ್ಲ, ‘ಇನ್‌ಕ್ಲೂಡ್‌ಎಂಪ್ಟಿಡಿರ್ಸ್’ ಹಾಕಬೇಕು. ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಕೂಡ ಖಾಲಿ ಫೋಲ್ಡರ್ ಉಳಿಸಿಕೊಳ್ಳುವುದಿಲ್ಲವಾದ್ದರಿಂದ ಒಳಗೊಂದು ಪುಟ್ಟ ಫೈಲ್ ಇಡುವುದೇ ಮೇಲು.

ಪ್ರಶ್ನೆ: ಲೈಬ್ರರಿಗಳನ್ನೆಲ್ಲ ಬಿಚ್ಚಿ ಒಂದೇ ದೊಡ್ಡ ಜಾರ್ ಮಾಡಿದೆವು. ಒಮ್ಮೆ ಸಹಿ ಸರಿಯಿಲ್ಲ ಎಂಬ ಸೆಕ್ಯುರಿಟಿ ಎಕ್ಸೆಪ್ಷನ್, ಅದು ಹೋದ ಮೇಲೆ ‘ಸೂಕ್ತ ಡ್ರೈವರ್ ಇಲ್ಲ’ ಎಂಬ ದೋಷ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಡೇಟಾಬೇಸ್ ಎರಡನ್ನೂ ಬಳಸುತ್ತೇವೆ. – ಹೊಸದುರ್ಗ

ಉತ್ತರ: ಯಾವುದೋ ಲೈಬ್ರರಿಗೆ ಅದರ ತಯಾರಕರು ಡಿಜಿಟಲ್ ಸಹಿ ಹಾಕಿದ್ದಿರಬೇಕು. ಅದರ ‘ಮೆಟಾ-ಇನ್ಫ್’ ಒಳಗಿನ ಎಸ್‌ಎಫ್, ಆರ್‌ಎಸ್‌ಎ, ಡಿಎಸ್‌ಎ ಬಾಲದ ಫೈಲುಗಳು ನಿಮ್ಮ ಜಾರ್‌ಗೂ ಬಂದಿವೆ. ಆ ಸಹಿ ಅವರ ಮ್ಯಾನಿಫೆಸ್ಟಿನದು, ನಿಮ್ಮದರ ಜೊತೆ ತಾಳೆಯಾಗದು. ಕಟ್ಟುವಾಗ ಈ ಮೂರನ್ನೂ ‘ಎಕ್ಸ್‌ಕ್ಲೂಡ್’ ಮಾಡಿ.

ಡ್ರೈವರಿನದು (ಡೇಟಾಬೇಸಿಗೆ ಪ್ರೋಗ್ರಾಂ ಜೋಡಿಸುವ ಭಾಗ) ಹೆಸರು ಢಿಕ್ಕಿ ಹೊಡೆದ ಕೇಸು. ಎರಡು ಡ್ರೈವರುಗಳೂ ‘ಮೆಟಾ-ಇನ್ಫ್/ಸರ್ವಿಸಸ್/ಜಾವಾ.ಎಸ್‌ಕ್ಯೂಎಲ್.ಡ್ರೈವರ್’ ಎಂಬ ಒಂದೇ ಹೆಸರಿನ ಫೈಲಿನಲ್ಲಿ ತಮ್ಮ ಕ್ಲಾಸಿನ ಹೆಸರು ಬರೆದುಕೊಂಡಿರುತ್ತವೆ. ಒಂದು ಇನ್ನೊಂದನ್ನು ಅಳಿಸಿತೆಂದರೆ ಅಳಿದ ಡ್ರೈವರ್ ಜಾರ್‌ನಲ್ಲಿದ್ದರೂ ಜಾವಾಗೆ ಕಾಣದು. ಈ ಫೈಲುಗಳನ್ನು ಬಿಡುವುದಲ್ಲ, ಸಾಲಿಗೆ ಸಾಲು ಕೂಡಿಸಬೇಕು. ಮೇವನ್ ಶೇಡ್ ಪ್ಲಗಿನ್‌ನಲ್ಲಿ ‘ಸರ್ವಿಸಸ್‌ರಿಸೋರ್ಸ್‌ಟ್ರಾನ್ಸ್‌ಫಾರ್ಮರ್’, ಗ್ರೇಡಲ್ ಶ್ಯಾಡೋದಲ್ಲಿ ‘ಮರ್ಜ್‌ಸರ್ವಿಸ್‌ಫೈಲ್ಸ್’ ಇರುವುದೇ ಇದಕ್ಕೆ. ಕಟ್ಟಿದ ಮೇಲೆ ಆ ಫೈಲನ್ನು ತೆರೆದು ಎರಡೂ ಡ್ರೈವರಿನ ಸಾಲು ಇದೆಯೇ ನೋಡಿ.

ನಮ್ಮನ್ನು ಕೇಳಿದರೆ ಇಂಥ ಪ್ರೋಗ್ರಾಮಿಗೆ ದೊಡ್ಡ ಜಾರ್ ಬೇಡ. ನಿಮ್ಮ ಜಾರ್ ಪಕ್ಕದಲ್ಲಿ ‘ಲಿಬ್’ ಫೋಲ್ಡರ್ ಇಟ್ಟು, ಲೈಬ್ರರಿಗಳನ್ನು ಬಿಚ್ಚದೆ ಹಾಗೇ ಹಾಕಿ, ಮ್ಯಾನಿಫೆಸ್ಟಿನ ‘ಕ್ಲಾಸ್-ಪಾತ್’ನಲ್ಲಿ ಅವುಗಳ ದಾರಿಯನ್ನು ನಡುವೆ ಜಾಗ ಬಿಟ್ಟು ಬರೆಸಿ. ದಾರಿ ಜಾರ್ ಇರುವ ಜಾಗದಿಂದ ಲೆಕ್ಕ. ‘ಜಾವಾ -ಜಾರ್’ ಎಂದು ಓಡಿಸುವಾಗ ಆಜ್ಞೆಯಲ್ಲಿ ಬೇರೆಯಾಗಿ ಕೊಟ್ಟ ಕ್ಲಾಸ್‌ಪಾತ್ ಲೆಕ್ಕಕ್ಕಿಲ್ಲ ಎಂಬುದು ನೆನಪಿರಲಿ. ಮ್ಯಾನಿಫೆಸ್ಟನ್ನು ಕೈಯಲ್ಲಿ ಬರೆಯುವುದಾದರೆ ಒಂದು ಸಾಲಿಗೆ 72 ಬೈಟಿಗಿಂತ ಹೆಚ್ಚು ಬೇಡ, ಮುಂದುವರಿದ ಸಾಲು ಒಂದು ಖಾಲಿ ಜಾಗದಿಂದ ಶುರುವಾಗಬೇಕು, ಕೊನೆಯ ಸಾಲಿನ ನಂತರ ಎಂಟರ್ ಒತ್ತಿರಬೇಕು. ಒತ್ತದಿದ್ದರೆ ಆ ಕೊನೆಯ ಸಾಲು ಬಿಟ್ಟುಹೋಗಬಹುದು. ಆಂಟ್, ಮೇವನ್, ಗ್ರೇಡಲ್ ಮೂರೂ ಇದನ್ನು ತಾವೇ ನೋಡಿಕೊಳ್ಳುತ್ತವೆ, ಕೈಯಲ್ಲಿ ಬರೆಯದಿದ್ದರೇ ಕ್ಷೇಮ.